ಎಂ.ಪಿ.ಎಚ್. ಓದು: ಆರಿಸುವ ಮುನ್ನ ಕೇಳಬೇಕಾದ ಮಾತು



ನಾಗಣಸೂರ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಹೋಗುವ ರೈಲು ಅಕ್ಕಲಕೋಟ ರೋಡ್ ದಾಟಿ ಹೊಟಗಿ ಜಂಕ್ಷನ್ನಿಗೆ ಬರುತ್ತದೆ. ಅಲ್ಲಿಂದ ಒಂದು ಹಳಿ ಸೊಲ್ಲಾಪುರದ ಮೇಲೆ ಪುಣೆ, ಮುಂಬಯಿಗೆ ಹೋಗುತ್ತದೆ. ಇನ್ನೊಂದು ಹಳಿ ವಿಜಯಪುರ, ಬಾಗಲಕೋಟೆಯ ಮೇಲೆ ಗದಗಿಗೆ ಹೋಗುತ್ತದೆ. ನಮ್ಮ ಗಡಿಭಾಗದ ಮಕ್ಕಳ ಮೇಲಿನ ಓದಿಗೂ ಬಹುಮಟ್ಟಿಗೆ ಇವೇ ಎರಡು ದಾರಿ. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಮರಾಠಿ, ಇಂಗ್ಲಿಷುಗಳಲ್ಲಿ ಪದವಿ ಪಡೆದವರು ಈಗ ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಅವರಲ್ಲಿ ನರ್ಸಿಂಗ್ ಕಲಿತವರಿದ್ದಾರೆ, ಆಯುರ್ವೇದ, ಹೋಮಿಯೋಪತಿ ಓದಿದವರಿದ್ದಾರೆ, ಬಿ.ಎಸ್ಸಿ., ಸಮಾಜಕಾರ್ಯ ಮಾಡಿದವರಿದ್ದಾರೆ. ಇಂಥವರು ಈಚೆಗೆ ಒಂದು ಹೊಸ ಹೆಸರನ್ನು ಹಿಡಿದು ವಿಚಾರಿಸುತ್ತಿದ್ದಾರೆ. ಅದು ಎಂ.ಪಿ.ಎಚ್., ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಇದನ್ನು ಎಲ್ಲಿ ಓದಬೇಕು, ಹೇಗೆ ಆರಿಸಬೇಕು ಎಂಬುದೇ ಇವತ್ತಿನ ಮಾತು. ಓದುವ ಮಕ್ಕಳೂ ಕೇಳಿ, ಹಣ ಹೊಂದಿಸುವ ತಂದೆತಾಯಿಗಳೂ ಕೇಳಿ.

ಮೊದಲು ಈ ಓದು ಏನು ಎಂಬುದನ್ನು ತಿಳಿಯೋಣ. ನಮ್ಮಲ್ಲಿ ಅರವತ್ತು ದಾಟಿದವರಿಗೆ ನಾರುಹುಣ್ಣು ಎಂದರೆ ವಿವರಿಸಬೇಕಾಗಿಲ್ಲ. ಕನ್ನಡದಲ್ಲೂ ನಾರು, ಮರಾಠಿಯಲ್ಲೂ ನಾರೂ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರಿಂದ ದಾರದಂಥ ಉದ್ದನೆಯ ಹುಳು ಹೊರಗೆ ಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಆಳು ಹಾಸಿಗೆ ಹಿಡಿದರೆ ಹೊಲದ ಕೆಲಸ ನಿಂತೇ ಹೋಗುತ್ತಿತ್ತು. ಈ ರೋಗಕ್ಕೆ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ಇಂದಿಗೂ ಇಲ್ಲ. ಆದರೂ ಅದು ನಮ್ಮ ದೇಶದಿಂದ ಹೋಯಿತು. ಮಹಾರಾಷ್ಟ್ರ, ಕರ್ನಾಟಕ ಎರಡೂ ಈ ರೋಗವಿದ್ದ ರಾಜ್ಯಗಳ ಪಟ್ಟಿಯಲ್ಲಿದ್ದವು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಮುಕ್ತ ದೇಶವೆಂದು ಸಾರಿದ್ದು 2000ದಲ್ಲಿ.

ಔಷಧವಿಲ್ಲದೆ ರೋಗ ಹೋದದ್ದು ಹೇಗೆ? ಹುಳು ಹೊರಬಂದ ಕಾಲಿನಿಂದ ಮನುಷ್ಯ ಮೆಟ್ಟಿಲ ಬಾವಿಗೆ ಇಳಿದಾಗ ಅದರ ಮರಿಗಳು ನೀರಿಗೆ ಬೀಳುತ್ತವೆ. ನೀರಿನಲ್ಲಿರುವ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿ ಅವನ್ನು ತಿನ್ನುತ್ತದೆ. ಆ ನೀರು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷದ ಮೇಲೆ ಹುಳು ಏಳುತ್ತದೆ. ಈ ಸರಪಳಿಯನ್ನು ತಿಳಿದವರು ಅದನ್ನು ನೀರಿನ ಹತ್ತಿರ ಕತ್ತರಿಸಿದರು. ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿ ಮಾಡಿದರು, ಕೊಳವೆ ಬಾವಿ ಹಾಕಿಸಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಮನೆಮನೆಗೆ ಹೇಳಿದರು, ಹುಣ್ಣಾದವರನ್ನು ನೀರಿಗೆ ಇಳಿಯದಂತೆ ತಡೆದರು. ಹಳ್ಳಿಹಳ್ಳಿ ತಿರುಗಿ ರೋಗಿಗಳನ್ನು ಎಣಿಸಿದರು. ಶ್ರೋತೃಗಳೆ, ಸಾರ್ವಜನಿಕ ಆರೋಗ್ಯ ಎಂದರೆ ಇದು. ಡಾಕ್ಟರರು ಒಬ್ಬ ರೋಗಿಯ ನಾಡಿ ಹಿಡಿದರೆ, ಈ ವಿದ್ಯೆ ಇಡೀ ಊರಿನ ನಾಡಿ ಹಿಡಿಯುತ್ತದೆ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಎಂ.ಪಿ.ಎಚ್. ಪಾಸಾದವರು ಅದರಿಂದಲೇ ಡಾಕ್ಟರ್ ಆಗುವುದಿಲ್ಲ. ರೋಗಿಯನ್ನು ನೋಡಿ ಔಷಧ ಬರೆಯುವ ಅಧಿಕಾರವನ್ನು ಈ ಪದವಿ ಕೊಡುವುದಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿದವರಿಗಾಗಿ ಸಮುದಾಯ ವೈದ್ಯಶಾಸ್ತ್ರದ ಎಂ.ಡಿ. ಎಂಬ ಮೂರು ವರ್ಷದ ಓದು ಬೇರೆಯೇ ಇದೆ. ಎಂ.ಪಿ.ಎಚ್. ಸಾಮಾನ್ಯವಾಗಿ ಎರಡು ವರ್ಷದ್ದು. ಅದಕ್ಕೆ ಡಾಕ್ಟರರೂ ಸೇರಬಹುದು, ದಂತವೈದ್ಯರು, ನರ್ಸುಗಳು, ಸಮಾಜಕಾರ್ಯ ಓದಿದವರೂ ಸೇರಬಹುದು. ಕೆಲವು ಸಂಸ್ಥೆಗಳು ಯಾವ ಪದವಿಯಾದರೂ ಸಾಕು ಎನ್ನುತ್ತವೆ, ಕೆಲವು ಆರೋಗ್ಯಕ್ಕೆ ಸಂಬಂಧಪಟ್ಟ ಪದವಿಯೇ ಬೇಕು ಎನ್ನುತ್ತವೆ, ಕೆಲವು ಕೆಲಸದ ಅನುಭವ ಕೇಳುತ್ತವೆ. ಅರ್ಜಿ ಶುಲ್ಕ ಕಟ್ಟುವ ಮೊದಲು ಈ ಅರ್ಹತೆಯ ಸಾಲನ್ನು ಎರಡು ಸಲ ಓದಿ.

ಇನ್ನು ಎಲ್ಲೆಲ್ಲಿ ಓದಬಹುದು? ಎಲ್ಲವನ್ನೂ ಹೇಳಲು ಇಲ್ಲಿ ವೇಳೆಯಿಲ್ಲ. ನಮ್ಮ ಭಾಗದವರಿಗೆ ಕೈಗೆಟಕುವ ಕೆಲವನ್ನು ಮಾತ್ರ ಹೇಳುತ್ತೇನೆ. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ. ಅಲ್ಲಿ ಆರೋಗ್ಯವನ್ನು ಬಡತನ, ಜಾತಿ, ಕೂಲಿ, ಸರ್ಕಾರದ ಖರ್ಚುವೆಚ್ಚ ಇವುಗಳ ಜೊತೆಗಿಟ್ಟು ನೋಡುವ ಪದ್ಧತಿ ಬೆಳೆದಿದೆ. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಆರೋಗ್ಯ ವಿಜ್ಞಾನ ವಿಭಾಗವಿದೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ವಿಶ್ವವಿದ್ಯಾಲಯದಲ್ಲಿ ಈ ಓದು ಇದೆ. ಹೊಟಗಿಯಿಂದ ಹೋಗುವ ಹಳಿಯ ಕೊನೆಯಲ್ಲಿರುವ ಗದಗಿನಲ್ಲಿ, ಕರ್ನಾಟಕ ಸರ್ಕಾರದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿಯೂ ಇದೆ. ನಮ್ಮಂತೆಯೇ ಗಡಿನಾಡ ಕನ್ನಡಿಗರಿರುವ ಕಾಸರಗೋಡಿನಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿಯೂ ಈ ವಿಭಾಗವಿದೆ. ಇನ್ನೂ ದಕ್ಷಿಣಕ್ಕೆ ಹೋದರೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ. ಅಲ್ಲಿ 1997ರಿಂದ ಎಂ.ಪಿ.ಎಚ್. ನಡೆಯುತ್ತಿದೆ, ದೇಶದಲ್ಲಿ ಈ ಪದವಿಯನ್ನು ಮೊದಲು ಬೆಳೆಸಿದ ಜಾಗಗಳಲ್ಲಿ ಅದೊಂದು.

ಹೆಸರು ಕೇಳಿದ ಕೂಡಲೇ ಯಾವುದು ದೊಡ್ಡದು ಎಂದು ನೀವು ಕೇಳುತ್ತೀರಿ. ಆ ಪ್ರಶ್ನೆಗೆ ಉತ್ತರ ಸಿಕ್ಕಿದರೂ ಅದು ನಿಮ್ಮ ಮನೆಗೆ ಹೊಂದುವುದೆಂದು ಹೇಳಲಾಗದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಕಾಲೇಜಿಗೂ ಸಲ್ಲುತ್ತದೆ. ಕಾಲೇಜಿನ ಕಟ್ಟಡವನ್ನು ಬಿಟ್ಟು ಬೇರೆ ನಾಲ್ಕು ವಿಷಯ ವಿಚಾರಿಸಿ.

ಮೊದಲನೆಯದು, ಆ ಕೋರ್ಸಿನ ಹಳ್ಳಿ ಎಲ್ಲಿದೆ? ಬಾಣಂತಿಯ ಮನೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರು, ಊರ ಕೆರೆ ಇವನ್ನು ನೋಡದೆ ಈ ವಿದ್ಯೆ ಬರುವುದಿಲ್ಲ. ಎರಡು ವರ್ಷದಲ್ಲಿ ಎಷ್ಟು ವಾರ ಕ್ಷೇತ್ರಕಾರ್ಯ? ವಿದ್ಯಾರ್ಥಿ ತಾನೇ ಮನೆಮನೆಗೆ ಹೋಗಿ ಮಾಹಿತಿ ತರುತ್ತಾನೆಯೋ, ಅಥವಾ ಬೇರೆಯವರು ತಂದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಪ್ರಬಂಧ ಬರೆಯುತ್ತಾನೆಯೋ? ಇದನ್ನು ಕೇಳಿ.

ಒಳ್ಳೆಯ ಕ್ಷೇತ್ರಕಾರ್ಯದಿಂದ ಏನಾಗಬಹುದು ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಒಂದು ಉದಾಹರಣೆ ಹೇಳುತ್ತೇನೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ತಾಯಂದಿರು ಸಾಯುವುದು ನಮ್ಮ ಹಳ್ಳಿಗಳ ಹಳೆಯ ದುಃಖ. ಅದನ್ನು ತಡೆಯುವ ಇಂಜೆಕ್ಷನ್ ಇತ್ತು, ಆದರೆ ಅದನ್ನು ತಣ್ಣಗೆ ಇಡಬೇಕು, ಚುಚ್ಚಲು ನುರಿತವರು ಬೇಕು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ನರ್ಸ್‌ಬಾಯಿಯರ ಕೈಯಿಂದಲೇ, ಮಿಸೊಪ್ರೊಸ್ಟಾಲ್ ಎಂಬ ಸುಲಭ ಬೆಲೆಯ ಗುಳಿಗೆಯನ್ನು ಪರೀಕ್ಷಿಸಿದರು. 1,620 ತಾಯಂದಿರು ಅದರಲ್ಲಿ ಭಾಗವಹಿಸಿದರು. ಗುಳಿಗೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಗುಳಿಗೆ ಸಿಕ್ಕವರಲ್ಲಿ ಅದು ನೂರಕ್ಕೆ 6.4ಕ್ಕೆ ಇಳಿಯಿತು. ಈ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಜಗತ್ತಿಗೆ ಬೇಕಾದ ಒಂದು ಉತ್ತರ ಕನ್ನಡ, ಮರಾಠಿ ಎರಡನ್ನೂ ಆಡುವ ಜಿಲ್ಲೆಯೊಂದರ ಹೆರಿಗೆ ಕೋಣೆಗಳಿಂದ ಬಂತು, ನೋಡಿ.

ಎರಡನೆಯದು, ಅಲ್ಲಿ ಯಾವ ಪಾಠಕ್ಕೆ ಒತ್ತು? ಎಲ್ಲ ಎಂ.ಪಿ.ಎಚ್.ಗಳೂ ಒಂದೇ ಅಲ್ಲ. ರೋಗ ಯಾರಿಗೆ, ಎಲ್ಲಿ, ಯಾವಾಗ, ಏಕೆ ಬಂತು ಎಂದು ಹುಡುಕುವ ವಿದ್ಯೆಗೆ ಎಪಿಡೆಮಿಯಾಲಜಿ ಎನ್ನುತ್ತಾರೆ. ಅದರ ಜೊತೆಗೆ ಅಂಕಿಸಂಖ್ಯಾಶಾಸ್ತ್ರ ಇರುತ್ತದೆ. ಈ ಎರಡು ಎಲ್ಲೆಡೆಯೂ ಇರಲೇಬೇಕು. ಅದರ ಮೇಲೆ ಒಂದು ಕಡೆ ನೀತಿ ಮತ್ತು ಅರ್ಥಶಾಸ್ತ್ರ ಹೆಚ್ಚು, ಇನ್ನೊಂದು ಕಡೆ ಆಸ್ಪತ್ರೆಯ ಆಡಳಿತ ಹೆಚ್ಚು, ಮತ್ತೊಂದು ಕಡೆ ನೀರು, ನೈರ್ಮಲ್ಯ, ಪಂಚಾಯಿತಿ ಹೆಚ್ಚು. ಲೆಕ್ಕದಲ್ಲಿ ಮನಸ್ಸಿರುವ ಹುಡುಗನಿಗೂ, ಜನರೊಡನೆ ಕೂತು ಮಾತನಾಡುವುದರಲ್ಲಿ ನಿಪುಣಳಾದ ಹುಡುಗಿಗೂ ಒಂದೇ ಕೋರ್ಸು ಹೊಂದಬೇಕೆಂದೇನೂ ಇಲ್ಲ. ಪಠ್ಯಕ್ರಮದ ಪುಸ್ತಕ ತರಿಸಿ ಓದಿ. ಅದನ್ನು ಕಲಿಸುವವರು ಯಾರು, ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದೂ ಕೇಳಿ. ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ. ಮಾನ್ಯತೆ ಇದೆಯೇ ಎಂಬುದನ್ನು ಮಾತ್ರ ಯಾರ ಬಾಯಿಮಾತನ್ನೂ ನಂಬದೆ ನೀವೇ ನೋಡಿಕೊಳ್ಳಿ.

ಮೂರನೆಯದು, ಅಲ್ಲಿ ಓದಿದವರು ಈಗ ಎಲ್ಲಿದ್ದಾರೆ? ಕಳೆದ ಎರಡು ಮೂರು ವರ್ಷಗಳಲ್ಲಿ ಪಾಸಾದ ಮೂವರ ಫೋನ್ ನಂಬರು ಕೇಳಿ ಪಡೆಯಿರಿ. ಸಂಸ್ಥೆ ಹಿಂಜರಿದರೆ ಅದೂ ಒಂದು ಉತ್ತರವೇ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಜಿಲ್ಲಾ ಮಟ್ಟದಲ್ಲಿ ಕಾರ್ಯಕ್ರಮ ವ್ಯವಸ್ಥಾಪಕರು, ರೋಗ ಸಮೀಕ್ಷೆ ಮಾಡುವವರು ಮುಂತಾದ ಹುದ್ದೆಗಳು ಹುಟ್ಟಿದವು. ಸ್ವಯಂಸೇವಾ ಸಂಸ್ಥೆಗಳಲ್ಲಿ, ಸಂಶೋಧನಾ ಯೋಜನೆಗಳಲ್ಲಿ ಕೆಲಸವಿದೆ. ಆದರೆ ಒಂದು ಮಾತು ಮುಚ್ಚಿಡಬಾರದು. ಇವುಗಳಲ್ಲಿ ಬಹಳಷ್ಟು ಗುತ್ತಿಗೆಯ ಕೆಲಸಗಳು. ಯೋಜನೆ ಮುಗಿದರೆ ಕೆಲಸವೂ ಮುಗಿಯಬಹುದು. ರಾಜ್ಯಗಳಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ವೃಂದ ಕಟ್ಟಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ನಂಬಿ ಇವತ್ತೇ ಸಾಲ ಎತ್ತುವುದು ಜಾಣತನವಲ್ಲ. ಮೊದಲ ಸಂಬಳ ಎಷ್ಟು, ಎರಡನೆಯ ಕೆಲಸ ಸಿಗಲು ಎಷ್ಟು ತಿಂಗಳು ಹಿಡಿಯಿತು ಎಂದು ಪಾಸಾದವರನ್ನೇ ಕೇಳಿ.

ನಾಲ್ಕನೆಯದು, ಹಣ. ತಂದೆತಾಯಿಗಳೆ, ಇದು ನಿಮಗೆ ಹೇಳುವ ಮಾತು. ಶುಲ್ಕ ಒಂದೇ ಖರ್ಚಲ್ಲ. ಹಾಸ್ಟೆಲು, ಊಟ, ಪ್ರಯಾಣ, ಕ್ಷೇತ್ರಕಾರ್ಯದ ತಿರುಗಾಟ, ಕಂಪ್ಯೂಟರು ಎಲ್ಲ ಸೇರಿಸಿ ಎರಡು ವರ್ಷದ ಮೊತ್ತ ಬರೆಯಿರಿ. 5 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ 10ರ ಬಡ್ಡಿ ಎಂದು ಹಿಡಿಯಿರಿ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 6,600 ರೂಪಾಯಿ ಕಂತು ಬರುತ್ತದೆ. ಅದೇ 12 ಲಕ್ಷವಾದರೆ ತಿಂಗಳಿಗೆ 15,800ಕ್ಕೂ ಹೆಚ್ಚು. ಓದುವ ಎರಡು ವರ್ಷದ ಬಡ್ಡಿ ಇದರಲ್ಲಿ ಸೇರಿಲ್ಲ. ಹೊಸ ಕೆಲಸಗಾರನ ಗುತ್ತಿಗೆ ಸಂಬಳದಲ್ಲಿ ಮೊದಲನೆಯ ಕಂತನ್ನು ಕಟ್ಟಿ ಬದುಕಬಹುದು. ಎರಡನೆಯ ಕಂತು ಕಟ್ಟುವುದು ಕಷ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇನ್ನೊಂದು ಸಂಗತಿ. ಶೈಕ್ಷಣಿಕ ಸಾಲಕ್ಕೆ ಸರ್ಕಾರದ ಖಾತರಿ ನಿಧಿ ಇದೆ. ಅದರ ನಿಯಮಕ್ಕೆ ಒಳಪಡುವ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಅಡಮಾನ ಬೇಕಾಗಿಲ್ಲ. ಆದ್ದರಿಂದ ಹೊಲದ ಸಾತಬಾರಾ ಉತಾರವನ್ನು ಬ್ಯಾಂಕಿನ ಮೇಜಿನ ಮೇಲೆ ಇಡುವ ಮುನ್ನ ಈ ಖಾತರಿಯ ಬಗ್ಗೆ ಮ್ಯಾನೇಜರರನ್ನು ವಿಚಾರಿಸಿ.

ಗಡಿಯವರಾದ ನಮಗೆ ಹಣದ ಜೊತೆ ಕಾಗದದ ತೊಡಕೂ ಉಂಟು. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಅವಕಾಶವಿದೆ, ಅದರಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಹೆಸರಿದೆ ಎಂಬುದು ನಿಮಗೆ ಗೊತ್ತು. ಆದರೆ ಅದು ಆ ಪರೀಕ್ಷೆಯಿಂದ ಸೇರುವ ವೃತ್ತಿಶಿಕ್ಷಣಕ್ಕೆ ಸಂಬಂಧಿಸಿದ್ದು. ಎಂ.ಪಿ.ಎಚ್.ಗೂ ಅದೇ ನಡೆಯುತ್ತದೆ ಎಂದು ಊಹಿಸಿ ಹೊರಡಬೇಡಿ, ಆಯಾ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ. ಹಾಗೆಯೇ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಕರ್ನಾಟಕದ ರಾಜ್ಯ ಮೀಸಲಾತಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಕೇಂದ್ರದ ಸಂಸ್ಥೆಗಳಲ್ಲಿ ಕೇಂದ್ರದ ಪಟ್ಟಿ ಅನ್ವಯಿಸುತ್ತದೆ, ಅದಕ್ಕೆ ಬೇಕಾದ ನಮೂನೆಯ ಪತ್ರವನ್ನು ತಹಶೀಲ ಕಚೇರಿಯಿಂದ ಮೊದಲೇ ಮಾಡಿಸಿ ಇಟ್ಟುಕೊಳ್ಳಬೇಕು. ಹೀಗಾಗಿ ಭಾಷೆಯ ಪ್ರೀತಿಯಿಂದ ದಕ್ಷಿಣಕ್ಕೆ ಹೊರಟವರಿಗೆ ಶುಲ್ಕ ಹೆಚ್ಚಾಗಬಹುದು, ರಿಯಾಯಿತಿಗಾಗಿ ಪಶ್ಚಿಮಕ್ಕೆ ಹೊರಟವರಿಗೆ ಕನ್ನಡದ ಹಳ್ಳಿ ಸಿಗದೆ ಹೋಗಬಹುದು. ಎರಡನ್ನೂ ತೂಗಿ ನೋಡಬೇಕು.

ಈಗ ಒಬ್ಬ ತಂಗಿಯನ್ನು ಕಲ್ಪಿಸಿಕೊಳ್ಳಿ. ಅವಳು ನರ್ಸಿಂಗ್ ಪದವೀಧರೆ. ಮನೆಯಲ್ಲಿ ನಾಲ್ಕು ಎಕರೆ ಒಣಬೇಸಾಯ, ತೊಗರಿ, ಜೋಳ. ಕೈಯಲ್ಲಿ ಎರಡು ಪ್ರವೇಶಪತ್ರ. ಒಂದು ದೊಡ್ಡ ನಗರದ ಖಾಸಗಿ ವಿಶ್ವವಿದ್ಯಾಲಯದ್ದು, ಶುಲ್ಕ ದುಬಾರಿ, ಕಟ್ಟಡ ಚೆಂದ. ಇನ್ನೊಂದು ಸಣ್ಣ ಊರಿನ ಸರ್ಕಾರಿ ವಿಶ್ವವಿದ್ಯಾಲಯದ್ದು, ಹೆಸರು ಅಷ್ಟಾಗಿ ಕೇಳಿಲ್ಲ. ಮನೆಯವರು ಮೊದಲನೆಯದಕ್ಕೆ ವಾಲುತ್ತಾರೆ. ಆಕೆ ಫೋನ್ ಮಾಡಿ ಕೇಳಿದಾಗ ಮೊದಲನೆಯದರಲ್ಲಿ ಕ್ಷೇತ್ರಕಾರ್ಯ ಎರಡು ವಾರ, ಎರಡನೆಯದರಲ್ಲಿ ಒಂದು ಇಡೀ ಸೆಮಿಸ್ಟರ್ ಎಂದು ತಿಳಿಯಿತೆನ್ನಿ. ಆಕೆಯ ಗುರಿ ಜಿಲ್ಲೆಯಲ್ಲಿ ಕೆಲಸ ಮಾಡುವುದಾದರೆ ಎರಡನೆಯದೇ ಸರಿ, ಹೊಲವೂ ಉಳಿಯುತ್ತದೆ. ಆಕೆಯ ಗುರಿ ಸಂಶೋಧನೆಯಾಗಿದ್ದು, ಅಲ್ಲಿ ಆ ವಿಷಯದ ನುರಿತ ಗುರುಗಳಿದ್ದು, ವಿದ್ಯಾರ್ಥಿವೇತನವೂ ದೊರೆತರೆ ಮೊದಲನೆಯದೂ ಸರಿಯಾಗಬಹುದು. ಎರಡೂ ಹೊಂದದಿದ್ದರೆ ಒಂದು ವರ್ಷ ಕೆಲಸ ಮಾಡಿ ಮುಂದಿನ ವರ್ಷ ಅರ್ಜಿ ಹಾಕಲಿ. ಕೆಲಸದ ಅನುಭವಕ್ಕೆ ಈ ಓದಿನಲ್ಲಿ ಬೆಲೆಯಿದೆ. ಹುಡುಗಿಗೆ ವಯಸ್ಸಾಯಿತು, ಈ ವರ್ಷವೇ ಆಗಬೇಕು ಎಂಬ ಅವಸರದಲ್ಲಿ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ.

ಕೊನೆಯದಾಗಿ ನಮ್ಮ ಭಾಷೆಯ ಮಾತು. ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಇಂಗ್ಲಿಷ್ ತರಗತಿಯಲ್ಲಿ ಹಿಂದೆ ಬೀಳುತ್ತೇವೆ ಎಂಬ ಅಂಜಿಕೆ ನಮ್ಮ ಮಕ್ಕಳಿಗಿದೆ. ಮೊದಲ ಆರು ತಿಂಗಳು ಕಷ್ಟವಾಗುವುದು ನಿಜ, ಅದಕ್ಕೆ ಈಗಿನಿಂದಲೇ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಓದುವ ರೂಢಿ ಮಾಡಿ. ಆದರೆ ಈ ವಿದ್ಯೆಯಲ್ಲಿ ಎರಡು ಭಾಷೆ ಬಲ್ಲವನಿಗೆ ಒಂದು ಬಲವಿದೆ. ಸಮೀಕ್ಷೆಗೆ ಬಂದವನು ಅಜ್ಜಿಯ ಮುಂದೆ ನಿಂತು, ಮರಾಠಿಯಲ್ಲಿ, ತಾಪ ಬಂದಿತ್ತೇ ಎಂದು ಕೇಳುತ್ತಾನೆ. ಅಜ್ಜಿ ಇಲ್ಲ ಎನ್ನುತ್ತಾಳೆ. ಅವನು ಇಲ್ಲ ಎಂದು ಬರೆದುಕೊಂಡು ಹೋಗುತ್ತಾನೆ. ಕನ್ನಡ ಬಲ್ಲವಳೊಬ್ಬಳು ಪಕ್ಕದಲ್ಲಿ ಕೂತು, ಅವ್ವಾ, ಸಂಜೀಕ ಮೈ ಬೆಚ್ಚಗ ಆಗತದೇನು, ಕೆಮ್ಮು ಎಷ್ಟು ದಿನದ್ದು ಎಂದು ಕೇಳಿದರೆ, ಎರಡು ತಿಂಗಳಾತವ್ವ ಎಂಬ ಉತ್ತರ ಬರಬಹುದು. ಆ ಉತ್ತರದಲ್ಲಿ ಕ್ಷಯರೋಗ ಅಡಗಿರಬಹುದು, ಆ ಮನೆಯ ಮೊಮ್ಮಕ್ಕಳ ಜೀವವೂ ಅಡಗಿರಬಹುದು. ರಿಜಿಸ್ಟರು ಮರಾಠಿಯಲ್ಲಿ, ರೋಗಿಯ ಮಾತು ಕನ್ನಡದಲ್ಲಿ ಇರುವ ನಮ್ಮಂಥ ಊರುಗಳಲ್ಲಿ ಇವೆರಡನ್ನೂ ಓದಬಲ್ಲ ಆರೋಗ್ಯ ಕೆಲಸಗಾರರು ಬೇಕೇ ಬೇಕು. ಆದ್ದರಿಂದ ಸಂದರ್ಶನದಲ್ಲಿ ನಿಮ್ಮ ಶಾಲೆಯ ಮಾಧ್ಯಮವನ್ನು ನಾಚಿಕೆಯಿಂದ ಹೇಳಬೇಡಿ. ಎರಡು ಭಾಷೆಯಲ್ಲಿ ಜನರೊಡನೆ ಮಾತನಾಡಬಲ್ಲೆ, ಗಡಿಭಾಗದಲ್ಲಿ ಪ್ರಬಂಧದ ಕೆಲಸ ಮಾಡಲು ಅವಕಾಶ ಕೊಡುವಿರಾ ಎಂದು ನೀವೇ ಕೇಳಿ. ಅದಕ್ಕೆ ಅವರು ಕೊಡುವ ಉತ್ತರದಿಂದಲೂ ಆ ಸಂಸ್ಥೆ ಎಂಥದೆಂದು ತಿಳಿಯುತ್ತದೆ.

ಹಾಗಾದರೆ ಈಗ ಏನು ಮಾಡಬೇಕು? ಒಂದು ನೋಟುಬುಕ್ಕಿನ ಹಾಳೆಯಲ್ಲಿ ನಿಮಗೆ ತೋಚಿದ ಮೂರು ಸಂಸ್ಥೆಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಕ್ಷೇತ್ರಕಾರ್ಯದ ವಾರಗಳು, ಒತ್ತು ಕೊಡುವ ವಿಷಯ, ಪಾಸಾದ ಮೂವರ ಮಾತು, ಎರಡು ವರ್ಷದ ಒಟ್ಟು ಖರ್ಚು, ಬೇಕಾದ ಪ್ರಮಾಣಪತ್ರಗಳು, ಈ ಐದು ಮನೆಗಳನ್ನು ಮಾಡಿ ತುಂಬುತ್ತಾ ಬನ್ನಿ. ತುಂಬಲಾಗದೆ ಖಾಲಿ ಉಳಿದ ಮನೆ ಇದ್ದರೆ ಅದನ್ನು ಕೇಳುವವರೆಗೆ ಹಣ ಕಟ್ಟಬೇಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಜೊತೆ, ಉಪಕೇಂದ್ರದ ನರ್ಸ್‌ಬಾಯಿಯ ಜೊತೆ ಎರಡು ದಿನ ತಿರುಗಾಡಿ ಬನ್ನಿ. ಬಿಸಿಲಿನಲ್ಲಿ ಹತ್ತು ಮನೆ ಬಾಗಿಲು ತಟ್ಟಿದ ಮೇಲೂ ಹನ್ನೊಂದನೆಯ ಮನೆಗೆ ಹೋಗುವ ಮನಸ್ಸು ನಿಮಗಿದ್ದರೆ ಈ ಓದು ನಿಮ್ಮದು. ಆ ಮನಸ್ಸಿಲ್ಲದಿದ್ದರೆ ಬೇರೆ ಒಳ್ಳೆಯ ಓದುಗಳು ಬಹಳ ಇವೆ, ಅದರಲ್ಲಿ ಸಂಕೋಚಪಡುವಂಥದು ಏನೂ ಇಲ್ಲ.